ಹಗಲಿನ ಬಿಸಿಲು, ಇರುಳಿನ ಬೆಳಕು

ಸಂಡೂರು ತಾಲ್ಲೂಕಿನ ಚೋರನೂರು ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಇಂತಹ ಸೀಮೆಯ ಆರೋಗ್ಯಕೇಂದ್ರದಲ್ಲಿ ಹೆರಿಗೆಯ ನಡುವೆ ದೀಪವಾರಿದರೆ, ಹಗಲೆಲ್ಲ ಸುರಿದ ಬಿಸಿಲಿನಿಂದ ಫಲವೇನು? ಲಸಿಕೆಗಳನ್ನು ೨ರಿಂದ ೮ ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನದಲ್ಲಿಯೇ ಇಡಬೇಕು. ವಿದ್ಯುತ್ತು ಬಹಳ ಹೊತ್ತು ನಿಂತರೆ ಅವು ಸತ್ತ್ವಗುಂದುತ್ತವೆ.

ಇದಕ್ಕೆ ವಿಜ್ಞಾನವು ಉಪಾಯವನ್ನು ಕಂಡುಕೊಂಡಿದೆ. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯು ಸಿಲಿಕಾನಿನ ಸೌರಕೋಶವನ್ನು ಪ್ರದರ್ಶಿಸಿತು. ಬೆಳಕು ಬಿದ್ದೊಡನೆ ಸಿಲಿಕಾನಿನೊಳಗಣ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಪ್ರವಹಿಸುತ್ತವೆ. ಆ ಪ್ರವಾಹವೇ ವಿದ್ಯುತ್ತು. ಅದನ್ನು ಬ್ಯಾಟರಿಯು ಇರುಳಿಗಾಗಿ ಕಾದಿಡುತ್ತದೆ.

ನಾವೊಂದು ಲೆಕ್ಕ ಹಾಕೋಣ. ೧ ಕಿಲೋವಾಟಿನ ಫಲಕಗಳು ಒಳ್ಳೆಯ ಬಿಸಿಲಿನ ದಿನ ಸುಮಾರು ೪ ಯೂನಿಟ್ ವಿದ್ಯುತ್ತನ್ನು ಕೊಡುತ್ತವೆ. ೧೦ ವಾಟಿನ ೧೦ ದೀಪಗಳು ೧೦ ಗಂಟೆ ಉರಿದರೂ ವೆಚ್ಚವಾಗುವುದು ೧ ಯೂನಿಟ್ ಮಾತ್ರ. ಉಳಿದುದು ಲಸಿಕೆಯ ಶೀತಪೆಟ್ಟಿಗೆಗೆ, ಎಳೆಗೂಸನ್ನು ಕೆಲಹೊತ್ತು ಬೆಚ್ಚಗಿಡುವ ಸಾಧನಕ್ಕೆ.

ಆದರೆ ಹಣವೆಲ್ಲಿಂದ? ಹರೀಶ್ ಹಂದೆಯವರು ಸಹಸಂಸ್ಥಾಪಕರಾಗಿ ೧೯೯೫ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಬಳಗದ ಪ್ರತಿಷ್ಠಾನವು, ಐಕಿಯಾ ಪ್ರತಿಷ್ಠಾನದ ಧನಸಹಾಯದೊಡನೆ, ೨೦೨೨ರಲ್ಲಿ ಭಾರತದ ೧೨ ರಾಜ್ಯಗಳ ೨೫,೦೦೦ ಆರೋಗ್ಯಕೇಂದ್ರಗಳಿಗೆ ಸೌರವಿದ್ಯುತ್ತನ್ನು ಒದಗಿಸುವ ಯೋಜನೆಯನ್ನು ಕೈಗೊಂಡಿತು. ಕರ್ನಾಟಕವೂ ಅವುಗಳಲ್ಲೊಂದು.

ಇಲ್ಲಿ ನಾವು ಮರೆಯಬಾರದ ಮಾತೊಂದಿದೆ. ಫಲಕವು ೨೫ ವರ್ಷ ಬಾಳಬಲ್ಲುದು. ಬ್ಯಾಟರಿಯು ಅದಕ್ಕಿಂತ ಬಹು ಮುಂಚೆಯೇ ಸವೆಯುತ್ತದೆ. ಗಣಿಗಳ ತಾಲ್ಲೂಕಿನಲ್ಲಿ ಫಲಕದ ಮೇಲೆ ಕೂರುವ ಕೆಂಧೂಳನ್ನು ಒರೆಸುವವರೂ ಬೇಕು. ಆದುದರಿಂದ ಕೂಡಿಸುವ ನಿಧಿಯು ಉದ್ಘಾಟನೆಯ ದಿನಕ್ಕೆ ಮುಗಿಯತಕ್ಕುದಲ್ಲ. ಹತ್ತು ವರ್ಷಗಳ ಅನಂತರದ ಒಂದು ಇರುಳಿನಲ್ಲಿಯೂ ಹೆರಿಗೆಯ ಕೋಣೆಯಲ್ಲಿ ದೀಪ ಉರಿಯುವಂತೆ ಅದನ್ನು ಕಾದಿಡಬೇಕು.