ದುಗ್ಧರಸಕ್ಕೆ ಪಂಪು ಎಲ್ಲಿದೆ?

ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸಿನಲ್ಲಿ ಕುಳಿತೇ ಹೋಗಿದ್ದೀರಾ? ಬೆಳಿಗ್ಗೆ ಇಳಿಯುವ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಬಿಗಿಯಾಗಿರುತ್ತದೆ. ಸ್ವಲ್ಪ ನಡೆದಾಡಿದರೆ ಊತ ಇಳಿಯುತ್ತದೆ. ಏಕೆ ಹೀಗೆ?

ರಕ್ತದ ದ್ರವಭಾಗ ಲೋಮನಾಳಗಳಿಂದ ಸದಾ ಹೊರಕ್ಕೆ ಜಿನುಗಿ ಜೀವಕೋಶಗಳ ನಡುವೆ ಸೇರುತ್ತದೆ. ಅದನ್ನೂ ಅದರಲ್ಲಿರುವ ಪ್ರೋಟೀನನ್ನೂ ರಕ್ತಕ್ಕೆ ಮರಳಿಸಲು ಬೇರೊಂದು ನಾಳಜಾಲವಿದೆ. ಅದರಲ್ಲಿ ಹರಿಯುವ ದ್ರವವೇ ದುಗ್ಧರಸ. ದಿನಕ್ಕೆ ಸುಮಾರು 2ರಿಂದ 3 ಲೀಟರ್ ದುಗ್ಧರಸ ಕತ್ತಿನ ಬುಡದಲ್ಲಿ ರಕ್ತವನ್ನು ಕೂಡುತ್ತದೆ. ಊಟವಾದ ಮೇಲೆ ಕರುಳಿನಿಂದ ಬರುವ ದುಗ್ಧರಸ ಕೊಬ್ಬಿನಿಂದಾಗಿ ಹಾಲಿನಂತೆ ಕಾಣುತ್ತದೆ. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ನಾಯಿಯೊಂದರಲ್ಲಿ ಗುರುತಿಸಿದ್ದು ಇಂಥ ಬಿಳಿಯ ನಾಳಗಳನ್ನೇ.

ಕಪ್ಪೆಗೆ ದುಗ್ಧರಸವನ್ನು ತಳ್ಳಲು ಪ್ರತ್ಯೇಕ ಪುಟ್ಟ ಹೃದಯಗಳಿವೆ. ನಮಗಿಲ್ಲ. ನಮ್ಮ ದುಗ್ಧನಾಳಗಳು ತಾವೇ ಮೆಲ್ಲನೆ ಸಂಕುಚಿಸುತ್ತವೆ. ಅವುಗಳಿಗೆ ನೆರವಾಗುವುದು ನಮ್ಮ ಚಲನೆ. ಮೀನಖಂಡ ಬಿಗಿದಾಗ ನಾಳ ಒತ್ತಲ್ಪಡುತ್ತದೆ. ಒಳಗಿನ ಕವಾಟಗಳು ರಸವನ್ನು ಹಿಂದಕ್ಕೆ ಬಿಡುವುದಿಲ್ಲ. ದೀರ್ಘವಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ತಗ್ಗಿ ರಸ ಮೇಲಕ್ಕೆ ಸೆಳೆಯಲ್ಪಡುತ್ತದೆ.

ಬಸ್ಸಿನ ಊತ ತಾನಾಗಿ ಇಳಿಯುತ್ತದೆ. ಆನೆಕಾಲು ರೋಗದಲ್ಲಿ ಹಾಗಾಗುವುದಿಲ್ಲ. ಬೀದರ, ಕಲಬುರಗಿ ಜಿಲ್ಲೆಗಳಲ್ಲೂ ಕರಾವಳಿಯಲ್ಲೂ ಜನರನ್ನು ಕಾಡಿದ ಈ ರೋಗದ ಹುಳುಗಳು ಸೊಳ್ಳೆಯ ಮೂಲಕ ಬಂದು ದುಗ್ಧನಾಳಗಳಲ್ಲೇ ನೆಲೆಸುತ್ತವೆ. ನಾಳ ಹಿಗ್ಗಿ, ಕವಾಟ ಕೆಟ್ಟು, ರಸ ನಿಂತುಬಿಡುತ್ತದೆ. ಇಂಥವರಿಗೆ "ಸುಮ್ಮನೆ ಕುಳಿತಿರಿ" ಎನ್ನುವುದು ಉಪಕಾರವಲ್ಲ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಬೆರಳುಗಳನ್ನು ಮಡಿಚಿ ಬಿಡಿಸುವುದು, ಕುಳಿತಾಗ ಕಾಲನ್ನು ಎತ್ತರದಲ್ಲಿ ಇಡುವುದು ಒಳ್ಳೆಯದು. ಬೆರಳುಸಂದಿಯ ಬಿರುಕುಗಳಿಂದ ರೋಗಾಣು ಒಳಹೊಕ್ಕರೆ ಜ್ವರ ಬಂದು ಊತ ಇನ್ನೂ ಹೆಚ್ಚುತ್ತದೆ. ಆದ್ದರಿಂದ ದಿನವೂ ಸೋಪಿನಿಂದ ತೊಳೆದು, ನೀರು ಉಳಿಯದಂತೆ ಒರೆಸಬೇಕು.

ಹಾಗಾದರೆ ಮಾಲೀಸು? ಅನೇಕ ದುಗ್ಧನಾಳಗಳು ಆರಂಭವಾಗುವುದು ಚರ್ಮದಲ್ಲಿ. ಅಲ್ಲಿ ಅವು ಬಹಳ ತೆಳು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರೆ ನೋವು, ಗಾಯ ಆಗಬಹುದು. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ದಂಪತಿ ರೂಪಿಸಿದ ಕ್ರಮದಲ್ಲಿ ಕೈ ಚರ್ಮವನ್ನು ಮೆಲ್ಲನೆ ಸರಿಸುತ್ತದೆ, ಅಷ್ಟೆ. ಮೊದಲು ಕತ್ತು, ತೊಡೆಸಂದಿಯ ಕಡೆ ದಾರಿ ತೆರವು ಮಾಡಿ, ಆಮೇಲೆ ಪಾದದತ್ತ ಬರುವುದು ವಾಡಿಕೆ. ತುಂಬಿದ ಕಾಲುವೆಯಲ್ಲಿ ಮುಂದಿನ ತೂಬು ತೆರೆಯದೆ ಹಿಂದಿನಿಂದ ನೀರು ಬಿಟ್ಟರೆ ಏನಾದೀತು, ಯೋಚಿಸಿ. ಇದನ್ನು ಕಲಿತವರಿಂದಲೇ ಮಾಡಿಸಬೇಕು. ಜ್ವರವಿದ್ದಾಗ, ಕಾಲು ಕೆಂಪಾಗಿ ಬಿಸಿಯಾಗಿದ್ದಾಗ, ರಕ್ತ ಹೆಪ್ಪುಗಟ್ಟಿದ ಅನುಮಾನವಿದ್ದಾಗ, ಹೃದಯ ದುರ್ಬಲವಾಗಿದ್ದಾಗ ಮಾಲೀಸು ಬೇಡ, ವೈದ್ಯರನ್ನು ಕಾಣಬೇಕು. ಮಾಲೀಸು ಮೈಯ ವಿಷವನ್ನೆಲ್ಲ ತೊಳೆಯುತ್ತದೆ ಎಂಬ ಜಾಹೀರಾತಿನ ಮಾತಿಗೆ ಆಧಾರವಿಲ್ಲ.

ಓದಲು ಕುಳಿತಾಗ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಮನೆಯಲ್ಲಿ ಅಜ್ಜಿಯ ಕಾಲು ಊದಿದ್ದರೆ ತಿಕ್ಕಲು ಹೋಗಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಅವರು ಸರಿ ಎಂದರೆ ಅಜ್ಜಿಯ ಕೈಹಿಡಿದು ಅಂಗಳದವರೆಗೆ ನಡೆಸಿ. ದುಗ್ಧರಸದ ಪಂಪು ಆ ಹೆಜ್ಜೆಗಳಲ್ಲೇ ಇದೆ.