ಕಾಗದದ ಭೂತ, ಕತ್ತರಿಯ ಗಣಿತ

‘ಸರ್, ದೆವ್ವ ಮಾಡೋದು ಹೇಗೆ?’

2024ರ ಅಕ್ಟೋಬರ್ ತಿಂಗಳ ಒಂದು ಸಂಜೆ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಹೀಗೆ ಕೇಳಿದಾಗ, ಪಕ್ಕದಲ್ಲಿದ್ದ ಅವಳ ತಾಯಿಗೆ ಮುಜುಗರವಾಯಿತು. ಅವರ ಮನೆ ಕೆ.ಆರ್. ಪುರದ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್. ಮಕ್ಕಳೆಲ್ಲ ತಮ್ಮ ತಮ್ಮ ಮನೆಯ ಬಾಗಿಲನ್ನು ಭೂತದ ಮನೆಯಂತೆ ಸಿಂಗರಿಸಬೇಕಂತೆ.

‘ತಲೆಬುರುಡೆ, ಜೇಡರಬಲೆ ಎಲ್ಲಾ ಆನ್‌ಲೈನ್‌ನಲ್ಲೇ ಸಿಗುತ್ತೆ ಸರ್. ತರಿಸಿಕೊಡ್ತೀನಿ ಅಂದ್ರೆ ಕೇಳಲ್ಲ, ಕೈಯಲ್ಲೇ ಮಾಡ್ಬೇಕಂತೆ. ಮಧ್ಯಾವಧಿ ಪರೀಕ್ಷೇಲಿ ಎಷ್ಟು ಬಂದಿದೆ ಅಂತ ನಿಮಗೇ ಗೊತ್ತು. ಡ್ರಾಯಿಂಗ್ ಕ್ಲಾಸ್ ಬಿಡಿಸಿ ಟ್ಯೂಷನ್‌ಗೆ ಹಾಕ್ತೀನಿ ಅಂತ ಇವರಪ್ಪ ಹಟ ಹಿಡಿದಿದ್ದಾರೆ.’

ನನಗೆ ಗೊತ್ತಿತ್ತು. ಉತ್ತರ ಪತ್ರಿಕೆ ತಿದ್ದಿದವನೇ ನಾನು. ರೇಖಾಗಣಿತದ ಭಾಗಕ್ಕೆ 20ಕ್ಕೆ 6. ಆದರೆ ಅದೇ ಪತ್ರಿಕೆಯ ಕೊನೆಯ ಪುಟದಲ್ಲಿ ಆಕೆ ಪೆನ್ಸಿಲಿನಲ್ಲಿ ಒಂದು ಬಾವಲಿ ಬಿಡಿಸಿದ್ದಳು. ಅದರ ಎರಡೂ ರೆಕ್ಕೆಗಳು ಕನ್ನಡಿ ಹಿಡಿದಷ್ಟು ಸಮ. ಸಮಮಿತಿ ಎಂದರೇನು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರೆದಿರಲಿಲ್ಲ.

‘ಶನಿವಾರ ಬಾ. ಹಳೇ ಲಗ್ನಪತ್ರಿಕೆ ಎಷ್ಟಿದ್ದರೆ ಅಷ್ಟು ತಗೊಂಡು ಬಾ’ ಎಂದೆ.

ಅಂದ ಹಾಗೆ, ಈ ಹ್ಯಾಲೋವೀನ್ ಎಂದರೇನು? ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಹಳೆಯ ಕೆಲ್ಟ್ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಲ್ಲಿ ಸತ್ತವರು ಊರಿಗೆ ಬರುತ್ತಾರೆಂದು ನಂಬಿದ್ದರು. ಕ್ರೈಸ್ತರಿಗೆ ನವೆಂಬರ್ 1 ಸಕಲ ಸಂತರ ದಿನ, 2 ಸತ್ತವರ ಸ್ಮರಣೆಯ ದಿನ. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೋವೀನ್. ಐರಿಷ್ ಜನ ಮೊದಲು ಟರ್ನಿಪ್ ಗೆಡ್ಡೆಯನ್ನು ಕೊರೆದು ಮುಖ ಮಾಡಿ ಒಳಗೆ ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಧಾರಾಳವಾಗಿ ಸಿಗುತ್ತಿದ್ದ, ಕೊರೆಯಲೂ ಸುಲಭವಾದ ಕುಂಬಳಕಾಯಿ ಟರ್ನಿಪ್ಪಿನ ಜಾಗಕ್ಕೆ ಬಂತು.

ಕುಂಬಳಕಾಯಿಗೆ ಮುಖ ಬರೆಯುವುದು ನಮಗೇನು ಹೊಸದೇ? ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಹೊಸ ಕಟ್ಟಡ ಏಳುವಲ್ಲೆಲ್ಲ ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳ ನೇತಾಡುತ್ತಿರುತ್ತದೆ. ಆಯುಧಪೂಜೆಯಂದು ಕುಂಕುಮ ತುಂಬಿ ರಸ್ತೆಗೆ ಒಡೆದ ಕಾಯಿಗಳ ಮೇಲೆ ಸ್ಕೂಟರ್ ಸವಾರರು ಜಾರಿ ಬೀಳುವುದೂ ಪ್ರತಿವರ್ಷದ ಸುದ್ದಿ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂತಿರುಗುತ್ತದಂತೆ, ಮರುದಿನ ಬಂದರೆ ಮತ್ತೆ ಅದೇ ಬರಹ! ಆಗ ನಾನು ಮೀಸೆ ಚಿಗುರಿದ ಹೊಸ ಮೇಷ್ಟ್ರು. ದೆವ್ವಕ್ಕೆ ಕನ್ನಡ ಓದಲು ಬರುತ್ತದಲ್ಲ ಎಂದು ಖುಷಿಪಡುತ್ತಿದ್ದೆ.

ಆ ಅಪಾರ್ಟ್‌ಮೆಂಟಿನಲ್ಲೂ ಜಗಳವಿತ್ತಂತೆ. 2024ರಲ್ಲಿ ಅಕ್ಟೋಬರ್ 31ರಂದೇ ನರಕ ಚತುರ್ದಶಿ ಬಿದ್ದಿತ್ತು. ‘ಹಬ್ಬದ ದಿನ ಬಾಗಿಲಿಗೆ ದೆವ್ವ ಕಟ್ಟುವುದೇ?’ ಎಂದು ಹಿರಿಯರು. ‘ಮಕ್ಕಳ ಆಟಕ್ಕೆ ಯಾಕೆ ಅಡ್ಡಿ?’ ಎಂದು ಕಿರಿಯರು. ನನ್ನನ್ನು ಕೇಳಿದರೆ, ನರಕ ಚತುರ್ದಶಿಯ ಹಿಂದಿನ ರಾತ್ರಿ ಗೋವಾದಲ್ಲಿ ಬಿದಿರು, ಕಾಗದದಿಂದ ಆಳೆತ್ತರದ ನರಕಾಸುರನನ್ನು ಕಟ್ಟಿ ಬೆಳಗಿನ ಜಾವ ಸುಡುತ್ತಾರೆ. ರಾಕ್ಷಸನನ್ನು ಕಾಗದದಲ್ಲಿ ಮಾಡುವುದು ನಮಗೂ ಹೊರಗಿನದಲ್ಲ. ನನ್ನ ತಕರಾರು ಇರುವುದು ಪ್ಲಾಸ್ಟಿಕ್ ಬುರುಡೆಯ ಮೇಲೆ. ಪೆಟ್ಟಿಗೆ ಒಡೆದು ಮೊಳೆಗೆ ನೇತುಹಾಕಿದರೆ ಮಗುವಿನ ಕೆಲಸ ಮುಗಿಯಿತು.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ನಮ್ಮ ವಠಾರದ ಎದುರಿಗೆ ಒಂದು ಕ್ರೈಸ್ತ ಕುಟುಂಬ. ಮನೆಯ ಯಜಮಾನಿಯನ್ನು ನಾವು ಹುಡುಗರು ಆಂಟಿ ಎನ್ನುತ್ತಿದ್ದೆವು. ನವೆಂಬರ್ 2ರಂದು ಅವರು ಹೂವು, ಮೇಣದಬತ್ತಿ ಹಿಡಿದು ಕಲ್ಪಳ್ಳಿಯ ಸ್ಮಶಾನಕ್ಕೆ ಹೋಗಿ ಬರುತ್ತಿದ್ದರು. ಅದು ಮುಗಿದ ಮೇಲೆ ಕ್ರಿಸ್‌ಮಸ್ ನಕ್ಷತ್ರದ ಕೆಲಸ ಶುರು. ಈಗ ಡಿಸೆಂಬರ್ ಬಂತೆಂದರೆ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ಮಡಿಸಿಟ್ಟ ನಕ್ಷತ್ರಗಳು ರಾಶಿರಾಶಿ ಸಿಗುತ್ತವೆ. ಆಗ ಎಷ್ಟೋ ಮನೆಗಳಲ್ಲಿ ಕೈಯಾರೆ ಕಟ್ಟುತ್ತಿದ್ದರು.

ಆಂಟಿ ಬಿದಿರು ಕಡ್ಡಿಗಳಿಂದ ಐದು ಮೂಲೆಯ ಎರಡು ನಕ್ಷತ್ರ ಕಟ್ಟುವರು. ಎರಡೂ ಚಪ್ಪಟೆ. ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ದಾರದಿಂದ ಬಿಗಿಯುವರು. ಆಮೇಲೆ ಒಳಮೂಲೆಗಳ ನಡುವೆ ಗೇಣಿಗಿಂತ ಚಿಕ್ಕದಾದ ಐದು ಕಡ್ಡಿಗಳನ್ನು ಅಡ್ಡ ಕೊಟ್ಟರೆ, ಅಲ್ಲಿಯವರೆಗೆ ಅಂಗಾತ ಮಲಗಿದ್ದ ನಕ್ಷತ್ರ ಉಸಿರೆಳೆದುಕೊಂಡಂತೆ ಹೊಟ್ಟೆ ಉಬ್ಬಿಸಿ ಎದ್ದು ನಿಲ್ಲುತ್ತಿತ್ತು. ಮೂರನೇ ಆಯಾಮ ಎಂಬ ಮಾತನ್ನು ನಾನು ಕಾಲೇಜಿನಲ್ಲಿ ಕಲಿತೆ. ಅದನ್ನು ಕಣ್ಣಾರೆ ಕಂಡದ್ದು ಆಂಟಿಯ ಜಗುಲಿಯಲ್ಲಿ.

ಸರಿ, ಈಗ ಕೆಲಸಕ್ಕೆ ಬರೋಣ. ಬೇಕಾದ್ದು ಕತ್ತರಿ, ಅಳತೆಪಟ್ಟಿ, ಕೈವಾರ, ಗೋಂದು, ಸೂಜಿ ದಾರ, ಜೊತೆಗೆ ಶಾಯಿ ಮುಗಿದ ಒಂದು ಬಾಲ್‌ಪೆನ್. ದಪ್ಪ ಕಾಗದವನ್ನು ಬರಿಗೈಯಲ್ಲಿ ಮಡಿಸಬೇಡಿ. ಅಳತೆಪಟ್ಟಿ ಇಟ್ಟು ಶಾಯಿಯಿಲ್ಲದ ಪೆನ್ನಿನಿಂದ ಮಡಿಕೆಯ ಗೆರೆಯನ್ನು ಒಮ್ಮೆ ಒತ್ತಿ ಎಳೆಯಿರಿ; ಆಮೇಲೆ ಮಡಿಕೆ ತಾನಾಗಿ ನೆಟ್ಟಗೆ ಕೂರುತ್ತದೆ.

ಇನ್ನೊಂದು ಗುಟ್ಟು ಕಾಗದದ ಎಳೆ. ಓದಿದ ಮೇಲೆ ಈ ಪುರವಣಿಯ ಹಾಳೆಯನ್ನೇ ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ಸೀಳು ಹೆಚ್ಚುಕಡಿಮೆ ನೇರ ಬರುತ್ತದೆ. ಎಡದಿಂದ ಬಲಕ್ಕೆ ಹರಿದರೆ ಅಂಕುಡೊಂಕು. ಕಾರ್ಖಾನೆಯ ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ, ಅದಕ್ಕೆ. ಎಳೆಯ ಗುಂಟ ಮಡಿಸಿದರೆ ಮಡಿಕೆ ನಯ. ಅಡ್ಡಕ್ಕೆ ಮಡಿಸಿದರೆ ಬಿರುಕು.

ಮೊದಲು ಮಾಟಗಾತಿಯ ಟೋಪಿ. ಕಪ್ಪು ಚಾರ್ಟಿನಲ್ಲಿ 18 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಕತ್ತರಿಸಿ, ನೇರ ಅಂಚಿನ ಎರಡು ಅರ್ಧಗಳನ್ನು ಒಂದರ ಮೇಲೊಂದು ತಂದು ಅಂಟಿಸಿದರೆ ಶಂಕು ಸಿದ್ಧ. ಬುಡದ ಸುತ್ತಳತೆ ಸುಮಾರು 56 ಸೆಂ.ಮೀ., ಅಂಟಿಗೆ ಎರಡು ಸೆಂ.ಮೀ. ಹೋದರೂ ಮಕ್ಕಳ ತಲೆಗೆ ಸಾಕು. ಪಕ್ಕದಿಂದ ನೋಡಿದರೆ ಇದು ಹೆಚ್ಚುಕಡಿಮೆ ಸಮಬಾಹು ತ್ರಿಭುಜ. ಅರ್ಧವೃತ್ತದ ಬದಲು ಪೂರ್ಣ ವೃತ್ತದಿಂದ 60 ಡಿಗ್ರಿಯ ತುಂಡು ಮಾತ್ರ ತೆಗೆದು ಅಂಟಿಸಿದರೆ ಟೋಪಿ ರೈತರ ಗೊರಬಿನ ಹಾಗೆ ಅಗಲವಾಗಿ ಕೂರುತ್ತದೆ. ಹೆಚ್ಚು ಕೋನ ತೆಗೆದಷ್ಟೂ ತುದಿ ಚೂಪು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕುಂಬಳಕ್ಕೆ ಕಿತ್ತಳೆ ಬಣ್ಣದ ಡ್ರಾಯಿಂಗ್ ಶೀಟಿನಲ್ಲಿ 21 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ 12 ಪಟ್ಟಿಗಳು ಸಾಕು. ಎರಡೂ ತುದಿಯಿಂದ ಅರ್ಧ ಸೆಂ.ಮೀ. ಒಳಗೆ ತೂತು ಮಾಡಿ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ. ದಾರದ ತುದಿಗೆ ಹಳೇ ಗುಂಡಿಯೊಂದನ್ನು ಕಟ್ಟಿ, ಕೆಳಗಿನ ತೂತುಗಳಿಂದ ಪೋಣಿಸಿ ಮೇಲಿನ ತೂತುಗಳಿಂದ ಹೊರತೆಗೆದು ಎಳೆಯಿರಿ. ಪಟ್ಟಿಗಳು ಬಿಲ್ಲಿನಂತೆ ಬಾಗುತ್ತವೆ. ಈಗ ಒಂದೊಂದನ್ನೂ 30 ಡಿಗ್ರಿ ಅಂತರಕ್ಕೆ ಸುತ್ತಲೂ ಹರಡಿ. ಭೂಗೋಳದ ಮೇಲಿನ ರೇಖಾಂಶಗಳು ಕಣ್ಣ ಮುಂದೆ! ತೂತಿನಿಂದ ತೂತಿಗೆ 20 ಸೆಂ.ಮೀ. ಇರುವುದರಿಂದ, ಅದು ಅರ್ಧ ಪರಿಧಿಯಾದರೆ ಚೆಂಡಿನ ವ್ಯಾಸ ಸುಮಾರು 12.7 ಸೆಂ.ಮೀ. ಒಳಗಿನ ದಾರ ಅಷ್ಟೇ ಉದ್ದವಿದ್ದಾಗ ಚೆಂಡು ಗುಂಡಗೆ. ಅದನ್ನು 9 ಸೆಂ.ಮೀ.ಗೆ ಎಳೆದು ಗಂಟು ಹಾಕಿದರೆ ನಡು ಉಬ್ಬಿ, ತಲೆ ಕುಸಿದು ಅಪ್ಪಟ ಸಿಹಿಗುಂಬಳ. ನಮ್ಮ ಭೂಮಿಯೂ ಹೀಗೆಯೇ ಕೊಂಚ ಕುಂಬಳ: ಧ್ರುವದಿಂದ ಧ್ರುವಕ್ಕೆ ಇರುವ ವ್ಯಾಸಕ್ಕಿಂತ ಸಮಭಾಜಕದಲ್ಲಿನ ವ್ಯಾಸ 43 ಕಿಲೋಮೀಟರ್ ಹೆಚ್ಚು.

ಬಾವಲಿ, ಜೇಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಪ್ಪು ಕಾಗದವನ್ನು ಎರಡಾಗಿ ಮಡಿಸಿ ಅರ್ಧ ಬಾವಲಿ ಕತ್ತರಿಸಿದರೆ ಇನ್ನರ್ಧವನ್ನು ಮಡಿಕೆಯೇ ಕೊಡುತ್ತದೆ.

ಲಗ್ನಪತ್ರಿಕೆ ತರಿಸಿದ್ದು ಭೂತದ ಗೂಡಿಗೆ. ಪತ್ರಿಕೆಗಳಿಂದ 4 ಸೆಂ.ಮೀ. ತ್ರಿಜ್ಯದ 20 ವೃತ್ತ ಕತ್ತರಿಸಬೇಕು. ಪ್ರತಿ ವೃತ್ತದ ಪರಿಧಿಯ ಮೇಲೆ ಕೈವಾರವನ್ನು ಅದೇ ಅಳತೆಯಲ್ಲಿಟ್ಟು ನಡೆಸಿಕೊಂಡು ಹೋದರೆ ಸರಿಯಾಗಿ ಆರು ಗುರುತು ಬೀಳುತ್ತವೆ. ಒಂದು ಬಿಟ್ಟು ಒಂದನ್ನು ಸೇರಿಸಿದರೆ ಸಮಬಾಹು ತ್ರಿಭುಜ. ಮೂರು ಬದಿಗಳನ್ನೂ ಪೆನ್ನಿನಿಂದ ಗೀರಿ, ಹೊರಗೆ ಉಳಿಯುವ ಮೂರು ಕಮಾನುಗಳನ್ನು ಮೇಲಕ್ಕೆ ಮಡಿಸಿ. ಆ ಕಮಾನುಗಳೇ ಅಂಟುಪಟ್ಟಿ. ಐದು ತ್ರಿಭುಜಗಳನ್ನು ಒಂದು ಬಿಂದುವಿನ ಸುತ್ತ ಅಂಟಿಸಿದರೆ ಒಂದು ಮುಚ್ಚಳ. ಅಂಥದೇ ಇನ್ನೊಂದು. ಉಳಿದ ಹತ್ತನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಜೋಡಿಸಿ ಪಟ್ಟಿ ಮಾಡಿ ಬಳೆಯಂತೆ ಸುತ್ತಿ, ಮೇಲೂ ಕೆಳಗೂ ಮುಚ್ಚಳ ಕೂರಿಸಿದರೆ ವಿಂಶತಿಮುಖ ಘನ: 20 ಮುಖ, 30 ಅಂಚು, 12 ಶೃಂಗ, ಸುಮಾರು 13 ಸೆಂ.ಮೀ. ವ್ಯಾಸ. ಕೆಲವು ತ್ರಿಭುಜಗಳಲ್ಲಿ ಅಂಟಿಸುವ ಮೊದಲೇ ಕಣ್ಣು, ಬಾಯಿ ಕೊರೆದು ಹಿಂದೆ ಬಟರ್ ಪೇಪರ್ ಹಚ್ಚಿರಬೇಕು.

ನಮ್ಮ ಹುಡುಗಿ ಇಲ್ಲಿ ಎಡವಿದಳು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಐದರ ಬದಲು ಆರು ತ್ರಿಭುಜ ಅಂಟಿಸಿಬಿಟ್ಟಿದ್ದಳು. ಅದು ಉಬ್ಬಲೊಲ್ಲದು. ಒತ್ತಿದಳು, ಬಗ್ಗಿಸಿದಳು, ಊದಿದಳು. ದೋಸೆಯ ಹಾಗೆ ಮೇಜಿನ ಮೇಲೆ ಮಲಗಿಯೇ ಇತ್ತು. ಕಣ್ಣಲ್ಲಿ ನೀರು. ‘ನನಗೆ ಇದೂ ಬರಲ್ಲ ಸರ್.’

‘ಒಂದು ಕಿತ್ತುಹಾಕು’ ಎಂದೆ. ಕಿತ್ತಳು. ಬಾಯಿಬಿಟ್ಟ ಜಾಗವನ್ನು ಎಳೆದು ಅಂಟಿಸುತ್ತಿದ್ದಂತೆ ನಡುಬಿಂದು ತಾನಾಗಿ ಮೇಲೆದ್ದಿತು. ಆಕೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ‘ಟೋಪಿ ಥರಾನೇ ಅಲ್ವಾ ಸರ್? ಅಲ್ಲೂ ತುಂಡು ತೆಗೆದ್ವಿ’ ಎಂದಳು.

ಅದೇ ಸಂಗತಿ. ಒಂದು ಬಿಂದುವಿನ ಸುತ್ತ 360 ಡಿಗ್ರಿ ಇದ್ದರೆ ಕಾಗದ ಚಪ್ಪಟೆ. ಸಮಬಾಹು ತ್ರಿಭುಜದ ಕೋನ 60; ಆರು ಸೇರಿದರೆ ಭರ್ತಿ 360. ಐದಾದರೆ 300, ಕೊರತೆ 60. ನಮ್ಮ ಗೂಡಿಗೆ 12 ಶೃಂಗ, ಹಾಗಾಗಿ ಒಟ್ಟು ಕೊರತೆ 720. ಈಗ ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ: ಪ್ರತಿ ಮೂಲೆಯಲ್ಲಿ ಮೂರು ಲಂಬಕೋನ, ಅಂದರೆ 270, ಕೊರತೆ 90. ಎಂಟು ಮೂಲೆಗೆ ಮತ್ತೆ 720! ನಾಲ್ಕು ತ್ರಿಭುಜಗಳ ಪುಟ್ಟ ಘನದಲ್ಲಿ ಮೂಲೆಗೆ 180ರಂತೆ ನಾಲ್ಕು ಮೂಲೆ, ಅದೂ 720. ನಡುವೆ ತೂತಿಲ್ಲದ ಯಾವ ಬಹುಮುಖ ಘನವಾದರೂ ಲೆಕ್ಕ ಇಷ್ಟೇ. ಇದನ್ನು ಕಂಡುಕೊಂಡವನು 17ನೇ ಶತಮಾನದ ಫ್ರಾನ್ಸಿನ ದೆಕಾರ್ತ್. ಚೆಂಡಿನ ಮೈಯನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲಾಗದು ಎಂದು ಗಾಸ್ 1827ರಲ್ಲಿ ತೋರಿಸಿಕೊಟ್ಟ. ಗೋಡೆಯ ಮೇಲಿನ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆನೆಯಷ್ಟು ದೊಡ್ಡದಾಗಿ ಕಾಣುವುದು ಇದೇ ತಾಪತ್ರಯದಿಂದ.

ಇದನ್ನು ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಕಪ್ಪುಹಲಗೆ ಚಪ್ಪಟೆ ಎಂಬುದು ನನಗೆ ಆ ಶನಿವಾರವೇ ಹೊಳೆದದ್ದು. ಶಾಲೆಗಳಲ್ಲಿ ‘ಪ್ರಾಜೆಕ್ಟ್’ ಎಂದು ಕೊಡುತ್ತೇವೆ; ಎಷ್ಟೋ ತಂದೆತಾಯಂದಿರು ರಾತ್ರಿ ಅಂಗಡಿಗೆ ಓಡಿ ಸಿದ್ಧ ಮಾದರಿ ತಂದುಕೊಡುತ್ತಾರೆ. ನಾವು ಮೇಷ್ಟ್ರುಗಳೂ ಅದಕ್ಕೇ ಹತ್ತಕ್ಕೆ ಹತ್ತು ಹಾಕುತ್ತೇವೆ. ಆರು ತ್ರಿಭುಜ ಅಂಟಿಸಿದ ಮಗುವಿಗೆ ಅಂಕ ಕೊಡುವ ಕಾಲಂ ನಮ್ಮ ಪಟ್ಟಿಯಲ್ಲಿಲ್ಲ.

ದೀಪದ ವಿಷಯದಲ್ಲಿ ಮಾತ್ರ ತಂದೆತಾಯಂದಿರು ಪಕ್ಕದಲ್ಲಿರಲೇಬೇಕು. ಒಂದು ವರ್ಷ ಆಂಟಿಯ ನಕ್ಷತ್ರದೊಳಗಿನ ಝೀರೋ ಬಲ್ಬು ಕರೆಂಟು ಹೋಗಿ ಆರಿತು. ನಾವು ಮೂವರು ಹುಡುಗರು ಸ್ಟೂಲು ಹತ್ತಿ ಒಳಗೆ ಮೇಣದಬತ್ತಿ ಇಟ್ಟೆವು. ಕಾಗದ ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಹೊತ್ತಿಕೊಳ್ಳುತ್ತದೆ; ಮೇಣದಬತ್ತಿಯ ಜ್ವಾಲೆ 1000 ಡಿಗ್ರಿಯನ್ನೂ ಮೀರುತ್ತದೆ. ಎಣಿಸಿ ಹತ್ತು ಹೇಳುವುದರೊಳಗೆ ಮೂರು ವಾರದ ಕೆಲಸ ಬೂದಿ. ಆಂಟಿ ಬೈಯಲಿಲ್ಲ, ನನ್ನ ಸುಟ್ಟ ಹೆಬ್ಬೆರಳಿಗೆ ತಣ್ಣೀರು ಸುರಿಯುತ್ತ ಕೂತರು. ಈಗ ಬಟನ್ ಸೆಲ್ಲಿನ ಪುಟ್ಟ ಎಲ್‌ಇಡಿ ದೀಪಗಳು ಅಗ್ಗವಾಗಿ ಸಿಗುತ್ತವೆ, ಬಿಸಿಯಾಗುವುದಿಲ್ಲ. ಗೂಡಿನ ಕೊನೆಯ ಒಂದು ತ್ರಿಭುಜವನ್ನು ಒಂದೇ ಬದಿಗೆ ಅಂಟಿಸಿ ಬಾಗಿಲಿನಂತೆ ಬಿಟ್ಟರೆ ದೀಪ ಒಳಗಿಡಬಹುದು. ಆದರೆ ಆ ಬಟನ್ ಸೆಲ್ಲನ್ನು ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಾಪಾಯ. ಸ್ಕ್ರೂ ಹಾಕಿದ ಮುಚ್ಚಳ ಇರುವ ದೀಪವನ್ನೇ ಕೊಳ್ಳಿ.

ಆ ವರ್ಷ ಕೆ.ಆರ್. ಪುರದ ಆ ಬಾಗಿಲಲ್ಲಿ 31ರ ರಾತ್ರಿ ಭೂತ ಕಣ್ಣು ಬಿಟ್ಟುಕೊಂಡು ನೇತಾಡಿತು. ಮರುದಿನ ರಾಜ್ಯೋತ್ಸವಕ್ಕೆ ಅದಕ್ಕೆ ಅರಿಸಿನ ಕುಂಕುಮ ಬಣ್ಣದ ಬಾಲ ಅಂಟಿಕೊಂಡಿತಂತೆ. ಬಲಿಪಾಡ್ಯಮಿಯಂದು ಅಜ್ಜಿ ಅದನ್ನೇ ಬಾಲ್ಕನಿಗೆ ಆಕಾಶಬುಟ್ಟಿಯೆಂದು ಸಾಗಿಸಿದರು. ಗೂಡಿನ ಒಂದು ಕೆನ್ನೆಯ ಮೇಲೆ ಯಾರದೋ ಮದುವೆಯ ‘ಮುಹೂರ್ತ’ ಎಂಬ ಅಕ್ಷರಗಳು ಹಾಗೇ ಕಾಣುತ್ತಿದ್ದವು. ವಾರ್ಷಿಕ ಪರೀಕ್ಷೆಯಲ್ಲಿ ಆ ಹುಡುಗಿಗೆ ರೇಖಾಗಣಿತದಲ್ಲಿ 20ಕ್ಕೆ 11 ಬಂತು. ಪವಾಡವೇನಲ್ಲ. ಡ್ರಾಯಿಂಗ್ ಕ್ಲಾಸ್ ಉಳಿಯಿತು.

ಆ ಶನಿವಾರ ಚಪ್ಪಲಿ ಮೆಟ್ಟಿಕೊಳ್ಳುತ್ತ ಆಕೆ ಕೇಳಿದ್ದಳು: ‘ಐದು ಅಂಟಿಸಿದ್ರೆ ಉಬ್ಬುತ್ತೆ, ಆರಾದ್ರೆ ಚಪ್ಪಟೆ. ಏಳು ಅಂಟಿಸಿದ್ರೆ ಸರ್?’

‘ಮಾಡಿ ನೋಡು’ ಎಂದೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಒಂದು ಕಡೆ ಮೇಲೆದ್ದು, ಇನ್ನೊಂದು ಕಡೆ ಕೆಳಗಿಳಿದು ಸೊಟ್ಟಗಾದ ಏಳು ತ್ರಿಭುಜಗಳು.

‘ಇದು ಯಾವ ದೆವ್ವದ್ದು ಸರ್?’