ಕಥೆ ಓದುವುದು ಹೇಗೆ?

ಗೆಳೆಯರೇ, ಪರೀಕ್ಷೆಯಲ್ಲಿ "ಕಥೆಯ ಸಾರಾಂಶ ಬರೆಯಿರಿ" ಅಂತ ಕೇಳುತ್ತಾರೆ, ನಾವೂ ಬರೆಯುತ್ತೇವೆ. ಆದರೆ ಸಾರಾಂಶ ಬರೆದ ಮಾತ್ರಕ್ಕೆ ಕಥೆ ಓದಿದ ಹಾಗೆ ಆಗಲಿಲ್ಲ. ಕಥೆಯಲ್ಲಿ ಐದು ಅಂಶಗಳನ್ನು ಗಮನಿಸಬೇಕು. ಉದಾಹರಣೆಗೆ ನಮ್ಮ ಕಡೆಯವರ ಕಥೆಯನ್ನೇ ತೆಗೆದುಕೊಳ್ಳೋಣ.

ಕಂಟೋನ್ಮೆಂಟಿನಲ್ಲಿ ರೈಲು ಹತ್ತಿದರೆ ಕೆ.ಆರ್. ಪುರ, ವೈಟ್‌ಫೀಲ್ಡ್ ದಾಟಿ ಮಾಲೂರು ಬರುತ್ತದೆ. ಆ ಮಾಲೂರು ತಾಲ್ಲೂಕಿನವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986). 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಬರೆದರು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. 1910ರ ಸುಮಾರಿಗೆ ಅವರು ಬರೆದ ಕಥೆ 'ರಂಗನ ಮದುವೆ'.

1. ಸ್ಥಳ ಮತ್ತು ಕಾಲ: ಊರು ಹೊಸಹಳ್ಳಿ. ಇಂಗ್ಲಿಷ್ ಓದಿದವರು ಅಪರೂಪವಾಗಿದ್ದ ಕಾಲ. ಅದಕ್ಕೇ ಬೆಂಗಳೂರಿನಲ್ಲಿ ಓದಿ ಬಂದ ರಂಗನನ್ನು ನೋಡಲು ಜನ ಮುತ್ತುತ್ತಾರೆ. ಈಗ ಅವನು ಶಿವಾಜಿನಗರದ ಬಸ್ಸಿನಿಂದ ನಮ್ಮೂರಲ್ಲಿ ಇಳಿದರೆ ಯಾರೂ ತಿರುಗಿ ನೋಡುವುದಿಲ್ಲ!

2. ಪಾತ್ರ: ಈಗಲೇ ಮದುವೆ ಬೇಡ, ತಿಳುವಳಿಕೆ ಬಂದ, ಮನಸ್ಸಿಗೆ ಒಪ್ಪುವ ಹುಡುಗಿ ಸಿಗಬೇಕು ಅನ್ನುತ್ತಾನೆ ರಂಗ. ಆದರೆ ರತ್ನ ಹಾಡಿದ್ದನ್ನು ಕೇಳಿದ ಮೇಲೆ ಅವನ ನಡತೆಯೇ ಬೇರೆ. ಪಾತ್ರದ ಮಾತನ್ನೂ ನಡತೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

3. ಹೆಣಿಗೆ: "ಆಮೇಲೇನಾಯ್ತು?" ಅನ್ನುವುದರ ಜೊತೆಗೆ "ಯಾಕಾಯ್ತು?" ಅಂತಲೂ ಕೇಳಬೇಕು. ಆ ಹುಡುಗಿಗೆ ಆಗಲೇ ಮದುವೆಯಾಗಿದೆ ಅಂತ ಶ್ಯಾಮ ಸುಳ್ಳು ಹೇಳುತ್ತಾನೆ. ರಂಗನ ಮುಖ ಬಾಡುತ್ತದೆ. ಅಲ್ಲಿಗೆ ಅವನ ಮನಸ್ಸು ಬಯಲಾಯಿತು. ಆಮೇಲೆ ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು, ಜ್ಯೋತಿಷ್ಯದಲ್ಲಿ ರತ್ನಳ ಹೆಸರೇ ಬರುವ ಹಾಗೆ ಮಾಡುತ್ತಾನೆ.

4. ಹೇಳುವವರು ಯಾರು: ಕಥೆ ಹೇಳುವುದು ಶ್ಯಾಮ. ಅವನೂ ಮಾಸ್ತಿಯವರೂ ಒಂದೇ ಅಂತ ತಿಳಿಯಬಾರದು. ಜಗುಲಿ ಮೇಲೆ ಕೂತು ಹರಟೆ ಹೊಡೆದ ಹಾಗೆ ಅವನು ಹೇಳುತ್ತಾನೆ, ನಾವು ನಗುತ್ತೇವೆ. ಆಟ ಹೂಡಿದವನೂ ಅವನೇ, ವರದಿ ಒಪ್ಪಿಸುವವನೂ ಅವನೇ. ಆದ್ದರಿಂದ ಓದುವವರು ಸ್ವಲ್ಪ ಎಚ್ಚರವಾಗಿರಬೇಕು.

5. ಆಶಯ: ಮೇಲೆ ನೋಡಿದರೆ ಇದು ತಮಾಷೆಯ ಕಥೆ. ಆದರೆ ರತ್ನಳ ವಯಸ್ಸು ಬರೀ 11. ತಂದೆತಾಯಿ ಇಲ್ಲ, ಬಂಧುಗಳ ಮನೆಯಲ್ಲಿದ್ದಾಳೆ. ಶ್ಯಾಮ ನಮಗೆ ರಂಗನ ಮನಸ್ಸನ್ನು ಬಿಡಿಸಿ ತೋರಿಸುತ್ತಾನೆ, ರತ್ನಳ ಮನಸ್ಸನ್ನು ತೋರಿಸುವುದಿಲ್ಲ. ಈಗ ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ.

ಹಾಗಾದರೆ ಈ ಕಥೆ ಓದಬಾರದೇ? ಖಂಡಿತ ಓದಬೇಕು. ಆ ಕಾಲದ ಊರು ಹೇಗಿತ್ತು, ಯಾರ ಮಾತು ನಡೆಯುತ್ತಿತ್ತು, ಯಾರು ಸುಮ್ಮನಿರಬೇಕಿತ್ತು ಅನ್ನುವುದು ಇದರಿಂದ ತಿಳಿಯುತ್ತದೆ. ಯಾವ ಕಥೆ ಓದಿದರೂ "ಇದರಲ್ಲಿ ಯಾರ ಮಾತು ಕೇಳಿಸುತ್ತಿಲ್ಲ?" ಅಂತ ಒಂದು ಸಲ ಕೇಳಿಕೊಳ್ಳಿ.

ಮುಂದಿನ ಸಂಚಿಕೆಗೆ ಒಂದು ಕೆಲಸ: ಇದೇ ಕಥೆಯನ್ನು ರತ್ನ ಹೇಳಿದ್ದರೆ ಹೇಗಿರುತ್ತಿತ್ತು? ಒಂದು ಪುಟದಲ್ಲಿ ಬರೆದು ತನ್ನಿ. ಹುಡುಗರೂ ಬರೆಯಬೇಕು!